ಮಕ್ಕಳು ಕಟ್ಟಿದ ಪ್ರರೋಚನೆ

‘ಟ್ರೇಲರ್’ ಎಂಬ ಶಬ್ದವು ಈಗ ಕೇಳಿಬರದ ಮನೆಯಿಲ್ಲ. ಹೊಸ ಚಲಚ್ಚಿತ್ರವೊಂದು ತೆರೆಗೆ ಬರುವದಕ್ಕೆ ವಾರಗಟ್ಟಲೆ ಮೊದಲೇ ಅದರ ಎರಡು ನಿಮಿಷದ ತುಣುಕು ಮೊಬೈಲಿನೊಳಗೆ ಬಂದು ಕುಳಿತಿರುತ್ತದೆ. ಪಾಠದ ಪದ್ಯವು ಬಾಯಿಗೆ ಬಾರದ ಹುಡುಗನಿಗೂ ಅದರ ಮಾತುಗಳೆಲ್ಲ ಕಂಠಸ್ಥವಾಗಿರುತ್ತವೆ. ‘ಕೆ.ಜಿ.ಎಫ್.’ ಚಿತ್ರದ ಎರಡನೆಯ ಭಾಗದ ಇಂಥ ಒಂದು ತುಣುಕು ೨೦೨೧ರ ಜನವರಿಯಲ್ಲಿ ಹೊರಬಿದ್ದಾಗ ಅದು ೧೦ ಕೋಟಿಗೂ ಮೀರಿ ಸಲ ನೋಡಲ್ಪಟ್ಟಿತು. ಇಡಿಯ ಚಿತ್ರವು ಬಂದದ್ದು ಮಾತ್ರ ೨೦೨೨ರ ಏಪ್ರಿಲಿನಲ್ಲಿ. ಹೀಗಿರಲು, ಶಾಲೆಯಿಂದ ಬಂದ ಮಗುವು “ನಮ್ಮ ವರ್ಗದಲ್ಲಿ ಒಂದು ಟ್ರೇಲರ್ ಮಾಡುವದಿದೆ” ಎಂದು ಹೇಳಿದರೆ ತಾಯಿಯ ಎದೆ ಸ್ವಲ್ಪ ಝಲ್ಲೆನ್ನುವದು ಸಹಜವೇ. ಇದು ಓದೋ, ಆಟವೋ, ಮೊಬೈಲು ಹಿಡಿಯುವದಕ್ಕೆ ಮತ್ತೊಂದು ನೆವವೋ ಎಂಬ ಸಂಶಯಕ್ಕೆ ಎಡೆಯುಂಟು. ಕಳೆದ ಚಳಿಗಾಲದಲ್ಲಿ ನಮ್ಮ ಧಾರವಾಡದ ಒಂದು ಪ್ರೌಢಶಾಲೆಯ ಮಕ್ಕಳು ಇಂಥ ಕೆಲಸವನ್ನು ಕೈಕೊಂಡಾಗ, ಸಂಸ್ಕೃತ ಬಲ್ಲ ಮುದುಕನೊಬ್ಬನು ಬೇಕೆಂದು ನನ್ನನ್ನು ಕರೆದಿದ್ದರು. ಅಲ್ಲಿ ಕಂಡದ್ದನ್ನೂ ಆ ನಿಮಿತ್ತದಿಂದ ವಿಚಾರಿಸಿ ತಿಳಿದದ್ದನ್ನೂ ವಾಚಕರ ಮುಂದಿಡುತ್ತೇನೆ.

ಮೊದಲು ಶಬ್ದದ ಮಾತು. ‘ಟ್ರೇಲರ್’ ಎಂದರೆ ಹಿಂದೆ ಎಳೆದುಕೊಂಡು ಬರುವದು. ನಮ್ಮ ರೈತರು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಗಾಡಿಗೂ ಅದೇ ಹೆಸರು. ಮುಂದೆ ಬರುವ ಚಿತ್ರವನ್ನು ಸಾರುವ ವಸ್ತುವಿಗೆ ಹಿಂದೆ ಬರುವದೆಂಬ ಹೆಸರು ಹೇಗಾಯಿತು? ಆರಂಭದಲ್ಲಿ ಅದನ್ನು ತೋರಿಸುತ್ತಿದ್ದದ್ದು ಚಿತ್ರವು ಮುಗಿದ ಮೇಲೆ. ೧೯೧೩ರಲ್ಲಿ ಅಮೇರಿಕೆಯ ನ್ಯೂಯಾರ್ಕಿನಲ್ಲಿ ಮಾರ್ಕಸ್ ಲೋ ಎಂಬವನ ನಾಟಕಗೃಹಗಳ ಪ್ರಚಾರಾಧಿಕಾರಿಯಾಗಿದ್ದ ನಿಲ್ಸ್ ಗ್ರಾನ್‌ಲಂಡ್ ಎಂಬವನು, ಬರಲಿರುವ ಒಂದು ಸಂಗೀತನಾಟಕದ ತಾಲೀಮನ್ನು ಚಿತ್ರಿಸಿ ತೆರೆಯ ಮೇಲೆ ತೋರಿಸಿದನು. ಮುಂದೆ ಆರು ವರುಷಗಳಲ್ಲಿ, ೧೯೧೯ರಲ್ಲಿ, ಇಂಥ ತುಣುಕುಗಳನ್ನು ಸಿದ್ಧಪಡಿಸುವದಕ್ಕೇ ಅಲ್ಲಿ ಒಂದು ಸಂಸ್ಥೆಯು ಹುಟ್ಟಿತು. ಆಟ ಮುಗಿದೊಡನೆ ಜನರು ಎದ್ದು ಹೋಗುವದರಿಂದ ಕಾಲಕ್ರಮದಲ್ಲಿ ತುಣುಕು ಮುಂದಕ್ಕೆ ಬಂದಿತು. ಹೆಸರು ಹಿಂದೆಯೇ ಉಳಿಯಿತು.

ಆದರೆ ವಸ್ತುವು ನಮಗೆ ಹೊಸದಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದಲ್ಲಿ ಪೂರ್ವರಂಗದ ಅಂಗಗಳನ್ನು ಒಂದೊಂದಾಗಿ ಹೇಳುತ್ತ ಬಂದು, ಎಲ್ಲಕ್ಕೂ ಕಡೆಯದಾಗಿ ‘ಪ್ರರೋಚನೆ’ಯನ್ನು ಹೇಳಿದ್ದಾನೆ. ರುಚಿ ಎಂಬ ಶಬ್ದದ ಧಾತುವೇ ಇದರಲ್ಲಿಯೂ ಇರುವದು. ಮುಂದೆ ಬರಲಿರುವ ಕಾವ್ಯದ ವಸ್ತುವನ್ನು ಸೂಚಿಸಿ, ಅದರ ಗುಣವನ್ನು ಕೊಂಡಾಡಿ, ನೋಡಬಂದವರ ಮನಸ್ಸನ್ನು ಅದರ ಕಡೆಗೆ ತಿರುಗಿಸುವದೇ ಪ್ರರೋಚನೆಯ ಕೆಲಸ. ಊಟಕ್ಕೆ ಮೊದಲು ನಾಲಗೆಗೆ ತಗಲಿಸುವ ಉಪ್ಪಿನಕಾಯಿಯಂತೆ ಎಂದರೆ ಗೃಹಿಣಿಯರಿಗೆ ಬೇಗ ತಿಳಿದೀತು. ಕಾಳಿದಾಸನು ಮಾಲವಿಕಾಗ್ನಿಮಿತ್ರದ ಆರಂಭದಲ್ಲಿ ಇದನ್ನು ಎಷ್ಟು ಜಾಣತನದಿಂದ ಮಾಡಿದ್ದಾನೆಂಬದನ್ನು ನೋಡಬೇಕು. ಭಾಸ, ಸೌಮಿಲ್ಲರಂಥ ಕೀರ್ತಿವಂತರ ನಾಟಕಗಳಿರುವಾಗ ಈಗಿನ ಕವಿಯದೇಕೆ ಎಂದು ಅಲ್ಲಿ ಸಹಾಯಕನೇ ಸೂತ್ರಧಾರನನ್ನು ಕೇಳುತ್ತಾನೆ. ಹಳೆಯದಾದ ಮಾತ್ರಕ್ಕೆ ಒಳ್ಳೆಯದೆಂದೂ ಹೊಸದಾದ ಮಾತ್ರಕ್ಕೆ ಹೀನವೆಂದೂ ವಿವೇಕಿಗಳು ತಿಳಿಯರು, ಪರೀಕ್ಷಿಸಿ ನೋಡುತ್ತಾರೆ ಎಂಬ ಅಭಿಪ್ರಾಯದಿಂದ ಅವನು ಉತ್ತರ ಕೊಡುತ್ತಾನೆ. ಮೊಬೈಲೆಂದೊಡನೆ ಮೂಗು ಮುರಿಯುವ ನನ್ನ ವಯಸ್ಸಿನವರಿಗೆ ಆ ಉತ್ತರವು ಈಗಲೂ ಸಲ್ಲುತ್ತದೆ.

ನಮ್ಮ ಕಡೆಯ ಜನರು ಶಾಸ್ತ್ರವನ್ನೋದದೆಯೇ ಈ ಪ್ರರೋಚನೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ಮೊದಲಾದ ಕಂಪನಿಗಳು ಊರೂರು ತಿರುಗುತ್ತಿದ್ದ ಕಾಲದ ಸಂಗತಿಯನ್ನು ಹಿರಿಯರ ಬಾಯಿಂದ ನಾನು ಬೇಕಾದಷ್ಟು ಕೇಳಿದ್ದೇನೆ. ನಾಟಕದ ದಿನ ಮಧ್ಯಾಹ್ನ ಟಾಂಗಾದಲ್ಲಿ ಬಾಜಾದವರನ್ನು ಕೂಡ್ರಿಸಿಕೊಂಡು, ಬಣ್ಣದ ಕಾಗದದ ಹಸ್ತಪತ್ರಿಕೆಗಳನ್ನು ಎಸೆಯುತ್ತ ಹೋಗುವರು. ಹಿಂದೆ ಹುಡುಗರ ದಂಡು ಓಡುವದು. ಇದಕ್ಕಿಂತ ನಿಜವಾದ ‘ಟ್ರೇಲರ್’ ಇನ್ನಾವದು? ಕನ್ನಡದ ಮೊದಲ ಬೋಲಪಟವಾದ ‘ಸತಿ ಸುಲೋಚನಾ’ ೧೯೩೪ರಲ್ಲಿ ಬಂದಿತು. ಅದನ್ನು ಚಿತ್ರಿಸಿದ್ದು ನಮಗೆ ನೆರೆಯದಾದ ಕೊಲ್ಲಾಪುರದಲ್ಲಿ. ಬೋಲಪಟಗಳು ಬಂದ ಮೇಲೆ ಟಾಂಗಾ ಅದೇ ಉಳಿದು, ಬಾಜಾದ ಜಾಗದಲ್ಲಿ ಧ್ವನಿವರ್ಧಕವು ಕುಳಿತಿತು. ನನ್ನ ಬಾಲ್ಯದಲ್ಲಿ ಥೇಟರಿನೊಳಗೆ ಸರಕಾರದ ವಾರ್ತಾಚಿತ್ರವಾದ ಮೇಲೆ ‘ಮುಂದಿನ ಆಕರ್ಷಣೆ’ ಬರುತ್ತಿತ್ತು. ಕೆಲವರು ಅದಕ್ಕಾಗಿಯೇ ವೇಳೆಗೆ ಸರಿಯಾಗಿ ಬಂದು ಕೂಡ್ರುತ್ತಿದ್ದರು. ಧಾರವಾಡದ ಬಾಸೆಲ್ ಮಿಶನ್ ಶಾಲೆಯಲ್ಲಿಯೂ ಕರ್ನಾಟಕ ಕಾಲೇಜಿನಲ್ಲಿಯೂ ಓದಿದ ಗಿರೀಶ ಕಾರ್ನಾಡರು ೧೯೭೪-೭೫ರಲ್ಲಿ ಪುಣೆಯ ಚಲಚ್ಚಿತ್ರ ಸಂಸ್ಥೆಯ ನಿರ್ದೇಶಕರಾಗಿದ್ದರು. ಆದರೆ ಚಿತ್ರವಿದ್ಯೆಯನ್ನು ಕಲಿಯಬೇಕಾದರೆ ಆಗ ಊರು ಬಿಟ್ಟು ಪುಣೆಗೋ ಮದರಾಸಿಗೋ ಹೋಗಬೇಕಾಗುತ್ತಿತ್ತು. ಈಗ ಅದರ ಮೊದಲ ಪಾಠಕ್ಕೆ ಬೇಕಾದ ಸಾಮಗ್ರಿ ಮಾಸ್ತರರ ಕಿಸೆಯಲ್ಲಿಯೇ ಇದೆ.

ಶಾಲೆಯ ಸಂಗತಿಗೆ ಬರೋಣ. ಒಂಬತ್ತನೆಯ ವರ್ಗದ ಮಕ್ಕಳಿಗೆ ಒಂದು ಕತೆಯನ್ನು ಓದಿಸಿ, ಅದರ ಮೇಲೆ ಚಲಚ್ಚಿತ್ರವಾದರೆ ಅದರ ಟ್ರೇಲರ್ ಹೇಗಿರಬೇಕೆಂಬದನ್ನು ತೊಂಬತ್ತು ಸೆಕೆಂಡುಗಳಲ್ಲಿ ತೋರಿಸಬೇಕೆಂದು ಕೆಲಸವನ್ನು ಕೊಟ್ಟಿದ್ದರು. ಇಡಿಯ ಚಿತ್ರವನ್ನು ಮಾಡಬೇಕಾದ್ದಿಲ್ಲ. ಇಂಥ ಪಾಠಕ್ರಮವು ಹೊರದೇಶಗಳ ಶಾಲೆಗಳಲ್ಲಿ ಬಹಳ ದಿನಗಳಿಂದ ಉಂಟು. ನೆರೆಯ ಕೇರಳದಲ್ಲಿ ೨೦೧೮ರಿಂದ ‘ಲಿಟ್ಲ್ ಕೈಟ್ಸ್’ ಎಂಬ ವಿದ್ಯಾರ್ಥಿಸಂಘಗಳ ಮೂಲಕ ಸರಕಾರಿ ಪ್ರೌಢಶಾಲೆಗಳ ಮಕ್ಕಳು ಚಿತ್ರ ತೆಗೆದು ಸಂಕಲನ ಮಾಡುವದನ್ನು ಕಲಿಯುತ್ತಾರೆ. ಕತೆಯೇನೋ ಬೇಕಾದ್ದನ್ನು ಆರಿಸಿಕೊಳ್ಳಬಹುದಾಗಿತ್ತು. ಹುಡುಗರು ಕೆಲವರು ಭೂತದ ಕತೆಯೆಂದರು, ಕೆಲವರು ಕ್ರಿಕೆಟ್ಟೆಂದರು. ಕಡೆಗೆ ಅವರು ಒಪ್ಪಿದ್ದು ಭಾಸನ ‘ಮಧ್ಯಮವ್ಯಾಯೋಗ’ವನ್ನು. ರಾಕ್ಷಸನಿರುವದರಿಂದ ಭೂತದ ಪಕ್ಷದವರಿಗೂ, ಕುಸ್ತಿಯಿರುವದರಿಂದ ಆಟದ ಪಕ್ಷದವರಿಗೂ ಸಮಾಧಾನವಾಯಿತು.

ಈ ಏಕಾಂಕವು ಸಾವಿರ ವರುಷ ಮರೆಯಾಗಿದ್ದು, ೧೯೦೯-೧೦ರಲ್ಲಿ ತಿರುವಾಂಕೂರಿನ ತಾಳೆಯೋಲೆಗಳಲ್ಲಿ ಟಿ. ಗಣಪತಿಶಾಸ್ತ್ರಿಗಳ ಕಣ್ಣಿಗೆ ಬಿದ್ದ ನಾಟಕಗಳಲ್ಲಿ ಒಂದು. ೧೯೧೨ರಿಂದ ಅವರು ಇವುಗಳನ್ನು ಭಾಸನವೆಂದು ಅಚ್ಚು ಹಾಕಿಸಿದರು. ಕತೆ ಇಷ್ಟು: ಮುದುಕನಾದ ಬ್ರಾಹ್ಮಣನೊಬ್ಬನು ಹೆಂಡತಿ ಹಾಗೂ ಮೂವರು ಮಕ್ಕಳೊಡನೆ ಕಾಡಿನಲ್ಲಿ ಹೋಗುತ್ತಿರುವಾಗ ಘಟೋತ್ಕಚನು ಅಡ್ಡಗಟ್ಟುತ್ತಾನೆ. ಅವನ ತಾಯಿ ಹಿಡಿಂಬೆಯ ಉಪವಾಸದ ಪಾರಣೆಗೆ ಒಬ್ಬ ಮನುಷ್ಯನು ಬೇಕು. ಒಬ್ಬನನ್ನು ಕೊಟ್ಟರೆ ಉಳಿದವರನ್ನು ಬಿಡುವೆನೆನ್ನುತ್ತಾನೆ. ತಂದೆಯು ಹಿರಿಯ ಮಗನನ್ನು ಬಿಡಲಾರನು, ತಾಯಿಯು ಕಿರಿಯವನನ್ನು ಬಿಡಲಾರಳು. ನಡುವಿನವನು ತಾನಾಗಿ ಮುಂದೆ ಬರುತ್ತಾನೆ. ನೀರು ಕುಡಿದು ಬರುವೆನೆಂದು ಹೊಂಡಕ್ಕೆ ಹೋಗುತ್ತಾನೆ. ತಡವಾಯಿತೆಂದು ಘಟೋತ್ಕಚನು “ಮಧ್ಯಮಾ!” ಎಂದು ಕೂಗಿದರೆ, ಆ ಕೂಗಿಗೆ ಓಗೊಟ್ಟು ಬರುವವನು ಬೇರೊಬ್ಬ ಮಧ್ಯಮ. ಕುಂತಿಯ ಮಕ್ಕಳಲ್ಲಿ ನಡುವಿನವನಾದ ಭೀಮಸೇನ, ಎಂದರೆ ಕೂಗಿದವನ ತಂದೆಯೇ.

ನಾನು ಈ ಕತೆಯನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ, ಅಪ್ಪ ದೊಡ್ಡಾಂವನ್ನ ಇಟಗೊಂಡ, ಅವ್ವ ಸಣ್ಣಾಂವನ್ನ ಇಟಗೊಂಡ್ಳು. ನಡುವಿನಾಂವನ್ನ ಯಾರು ಇಟಗೋತಾರ್ರೀ?” ಎಂದು ಕೇಳಿದಳು. ವರ್ಗವು ಸದ್ದಿಲ್ಲದಾಯಿತು. ನಾನು, “ನೀನ ಟ್ರೇಲರ್ ಬರೀಯವಾ ತಂಗಿ, ಇದ ಅದರ ಬೀಜ” ಎಂದೆನು. ಮೂವತ್ತು ವರುಷಕ್ಕೂ ಹೆಚ್ಚು ಕಾಲ ಸಂಸ್ಕೃತವನ್ನು ಕಲಿಸಿದ ನನಗೆ ಈ ನಾಟಕದ ಬಗ್ಗೆ ಯಾವ ವಿದ್ಯಾರ್ಥಿಯೂ ಕೇಳಿದ್ದ ಪ್ರಶ್ನೆಗಳಲ್ಲಿ ಇದರಷ್ಟು ನೇರವಾದದ್ದು ನೆನಪಾಗುವದಿಲ್ಲ.

ಬೀಜವೆಂಬ ಮಾತನ್ನು ನಾನು ಸುಮ್ಮನೆ ಆಡಿದ್ದಲ್ಲ. ನಮ್ಮ ಶಾಸ್ತ್ರಕಾರರು ನಾಟಕದ ಕತೆಯನ್ನು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳಾಗಿ ವಿಭಾಗಿಸಿದ್ದಾರೆ. ಮುಖದಲ್ಲಿ ಬೀಜವು ಬೀಳುತ್ತದೆ. ಪ್ರತಿಮುಖದಲ್ಲಿ ಮೊಳಕೆಯು ಕಂಡೂ ಕಾಣದಂತೆ ಇರುತ್ತದೆ. ನಿರ್ವಹಣದಲ್ಲಿ ಎಲ್ಲ ಎಳೆಗಳೂ ಒಂದುಗೂಡುತ್ತವೆ. ವ್ಯಾಯೋಗವು ಒಂದೇ ಅಂಕದಲ್ಲಿ ಒಂದೇ ದಿನದ ಸಂಗತಿಯನ್ನು ಹೇಳತಕ್ಕದ್ದಾದ್ದರಿಂದ ಗರ್ಭ-ವಿಮರ್ಶಗಳು ಅದಕ್ಕಿಲ್ಲವೆಂದು ಧನಂಜಯನು ದಶರೂಪಕದಲ್ಲಿ ಹೇಳುತ್ತಾನೆ. ಆದುದರಿಂದ ಈ ಕತೆಯ ಟ್ರೇಲರ್ ಪ್ರತಿಮುಖದ ಆಚೆಗೆ ಒಂದು ಹೆಜ್ಜೆಯನ್ನೂ ಇಡಕೂಡದೆಂದು ನನ್ನ ಸಲಹೆ. ಬೀಜವನ್ನು ತೋರಿಸು, ಮೊಳಕೆಯನ್ನು ತೋರಿಸು, ಹಣ್ಣನ್ನು ಬಚ್ಚಿಡು. ಹುಡುಗರಿಗೋ ಭೀಮ-ಘಟೋತ್ಕಚರ ಕಾಳಗವನ್ನು ಪೂರ್ತಿಯಾಗಿ ತೋರಿಸಿ, ಕೆಳಗೆ ‘ತಂದೆಯೋ ಮಗನೋ’ ಎಂದು ಬರೆಯಬೇಕೆಂಬ ಹಟ. ಎರಡು ದಿನ ವಾದವಾಯಿತು. ಈಗಿನ ಪೇಟೆಯ ಟ್ರೇಲರುಗಳಲ್ಲಿ ಬಹಳಷ್ಟು ಇದೇ ದೋಷವುಳ್ಳವೆಂಬದನ್ನು ನಾನು ಹೇಳದಿರಲಾರೆ: ಅವನ್ನು ನೋಡಿದರೆ ಚಿತ್ರವನ್ನು ನೋಡಬೇಕಾದ್ದೇ ಇಲ್ಲ. ಅಮೇರಿಕೆಯ ಥೇಟರು ಮಾಲೀಕರ ಸಂಘವೇ ೨೦೧೪ರಲ್ಲಿ, ಟ್ರೇಲರ್ ಎರಡು ನಿಮಿಷವನ್ನು ಮೀರಬಾರದೆಂದು ಕೇಳಿಕೊಳ್ಳಬೇಕಾಯಿತು.

ವಾದವನ್ನು ಮುಗಿಸಿದವನು ಭಾಸನೇ. ಅವನ ನಾಟಕಗಳ ಆರಂಭದಲ್ಲಿ ಸೂತ್ರಧಾರನು ಕವಿಯ ಹೆಸರನ್ನೂ ಹೇಳುವದಿಲ್ಲ, ಹೊಗಳಿಕೆಯನ್ನೂ ಮಾಡುವದಿಲ್ಲ. ಏನನ್ನೋ ಅರಿಕೆ ಮಾಡಬೇಕೆಂದಿರುವಷ್ಟರಲ್ಲಿ ತೆರೆಯ ಹಿಂದಿನಿಂದ ಸದ್ದೊಂದು ಕೇಳಿಬರುತ್ತದೆ. ಅವನು ಅಲ್ಲಿಯೇ ನಿಂತು ಕಿವಿಗೊಡುತ್ತಾನೆ. ನೋಡುವವರೂ ಅವನೊಡನೆ ಕಿವಿಗೊಡುತ್ತಾರೆ. ಇದನ್ನು ಕೇಳಿದೊಡನೆ ಆ ಹುಡುಗಿಯು ಬರೆದ ಕಡೆಯ ಹತ್ತು ಸೆಕೆಂಡು ಹೀಗಿತ್ತು: ಕೆರೆಯ ನೀರು, ಬೊಗಸೆಯಲ್ಲಿ ನೀರೆತ್ತಿದ ಹುಡುಗನ ಕೈ, ದೂರದಿಂದ “ಮಧ್ಯಮಾ!” ಎಂಬ ಕೂಗು, ಕೈಯೊಳಗಿನ ನೀರು ಸೋರುವದು, ಅಷ್ಟರಲ್ಲಿ ಬೇರೊಂದು ದೊಡ್ಡ ಕಾಲು ಒಣಗಿದೆಲೆಯ ಮೇಲೆ ಇಡುವ ಹೆಜ್ಜೆ. ಅಲ್ಲಿಗೆ ಕತ್ತಲು. ಭೀಮನ ಮುಖವಿಲ್ಲ, ಹೆಸರೂ ಇಲ್ಲ.

ಇನ್ನು ಕೆಲಸದ ರೀತಿ. ಇಂಥದನ್ನು ಮನೆಯಲ್ಲಿ ಮಾಡಬಯಸುವ ಮಕ್ಕಳಿದ್ದಾರೆಂಬದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿದ್ಯಾರ್ಥಿಗಳು ಶಾಲೆಗೆ ಫೋನು ತರಕೂಡದೆಂಬ ನಿಯಮವಿದ್ದುದರಿಂದ ಶಿಕ್ಷಕರ ಒಂದೇ ಫೋನಿನಿಂದ ಎಲ್ಲ ಚಿತ್ರವನ್ನೂ ತೆಗೆದರು. ಅದಕ್ಕೆ ಮೊದಲು ಒಂದು ವಾರ ಫೋನನ್ನು ಮುಟ್ಟಗೊಡಲಿಲ್ಲ. ಕಾಗದದ ಮೇಲೆ ಚೌಕಗಳನ್ನು ಗೆರೆಯೆಳೆದು, ಒಂದೊಂದು ಚೌಕದಲ್ಲಿ ಒಂದೊಂದು ದೃಶ್ಯವನ್ನು ಸೊಟ್ಟಪಟ್ಟ ಚಿತ್ರಗಳಿಂದ ಬರೆದು ಗೋಡೆಗೆ ಅಂಟಿಸಿದರು. ಯಾವದು ಮೊದಲು ಬಂದರೆ ಚೆಂದ, ಯಾವದನ್ನು ತೆಗೆದರೂ ಕೊರತೆಯಾಗದು ಎಂಬದನ್ನು ಕಾಗದಗಳನ್ನು ಅತ್ತಿತ್ತ ಸರಿಸಿಯೇ ನಿರ್ಧರಿಸಿದರು. ನನ್ನ ದೃಷ್ಟಿಯಲ್ಲಿ ನಿಜವಾದ ಓದು ನಡೆದದ್ದು ಆ ಗೋಡೆಯ ಮುಂದೆ. ಮೂಲವನ್ನು ಮೂರು ಸಲ ಓದಿಸಿದರೂ ಬಾರದ ತಿಳಿವಳಿಕೆಯು, ಇದರಲ್ಲಿ ಬಿಡತಕ್ಕದ್ದೇನು ಎಂದು ಕೇಳಿದಾಗ ಬರುತ್ತದೆ.

ಚಿತ್ರ ತೆಗೆಯುವದಕ್ಕೆ ಕೆಲಗೇರಿಯ ಕಡೆಯ ಒಂದು ಮಾವಿನ ತೋಪು ದೊರೆಯಿತು. ಘಟೋತ್ಕಚನು ಮರವನ್ನು ಕಿತ್ತೆಸೆಯುತ್ತಾನೆಂಬ ಸುದ್ದಿಯು ಹೇಗೋ ತೋಪಿನ ಧಣಿಯ ಕಿವಿಗೆ ಬಿದ್ದು, ಅವರು ತಾವೇ ಬಂದು ಕಾವಲು ಕುಳಿತರು. ಅದು ಆಪೂಸು ಮಾವು ಹೂವಿಡುವ ಸಮಯ. ಫೋನನ್ನು ಅಡ್ಡವಾಗಿಯೇ ಹಿಡಿಯಬೇಕು. ಕೈಯಲ್ಲಿ ಹಿಡಿದರೆ ನಡುಗುವದರಿಂದ ಒಂದು ಸ್ಟೂಲಿನ ಮೇಲೆ ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಸಿದರು. ಬೆಳಗಿನ ಒಂಬತ್ತರೊಳಗೆ ಹಾಗೂ ಸಾಯಂಕಾಲ ಐದರ ಸುಮಾರಿಗೆ ಬಿಸಿಲು ಓರೆಯಾಗಿ ಬಿದ್ದು ಮುಖವು ಚೆನ್ನಾಗಿ ಕಾಣುತ್ತದೆ; ನಡುಹಗಲಿನ ಬಿಸಿಲಲ್ಲಿ ಕಣ್ಣುಗಳ ಕೆಳಗೆ ಕರಿನೆರಳು ಬೀಳುವದು. ದನಿಯ ಪಾಡು ಇದಕ್ಕಿಂತ ಕಷ್ಟ. ದೂರದಲ್ಲಿಟ್ಟ ಫೋನಿಗೆ ಮಾತಿಗಿಂತ ಗಾಳಿಯೇ ಹೆಚ್ಚು ಕೇಳಿಸುತ್ತದೆ. ಆದ್ದರಿಂದ ಮತ್ತೊಬ್ಬ ಶಿಕ್ಷಕರ ಫೋನನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ, ಮಾತಾಡುವವನ ಅಂಗಿಯ ಕಿಸೆಯಲ್ಲಿಟ್ಟು ದನಿಯನ್ನು ಬೇರೆಯಾಗಿ ಹಿಡಿದರು; ಪ್ರತಿಯೊಂದು ದೃಶ್ಯದ ಮೊದಲಿಗೆ ಒಬ್ಬನು ಜೋರಾಗಿ ಚಪ್ಪಾಳೆ ತಟ್ಟಿದರೆ, ಆ ಚಪ್ಪಾಳೆಯ ಗುರುತಿನಿಂದ ಚಿತ್ರವನ್ನೂ ದನಿಯನ್ನೂ ಆಮೇಲೆ ಕೂಡಿಸಲಿಕ್ಕೆ ಬರುತ್ತದೆ. ದೊಡ್ಡ ಚಿತ್ರಗಳಲ್ಲಿ ಹಲಗೆಯನ್ನು ಪಟ್ಟೆಂದು ಬಡಿಯುವದೂ ಇದೇ ಕಾರಣಕ್ಕಾಗಿ. ಕೆರೆಯ ದಂಡೆಯಲ್ಲಿ ಮಾತ್ರ ಇಬ್ಬರು ಹಿರಿಯರು ನೀರಿನ ಬದಿಗೆ ನಿಂತಿದ್ದರು, ಇದರಲ್ಲಿ ರಾಜಿಯಿಲ್ಲ. ಗಿರ್ಮಿಟ್ಟು, ಮಿರ್ಚಿ, ಚಹಗಳ ಖರ್ಚನ್ನು ಸೇರಿಸಿದರೂ ವೆಚ್ಚವು ಸಾವಿರ ರೂಪಾಯಿಯನ್ನು ಮುಟ್ಟಲಿಲ್ಲ.

ಫೋನು ಸಾಮಾನ್ಯವಾಗಿ ಸೆಕೆಂಡಿಗೆ ೩೦ ಚಿತ್ರಗಳನ್ನು ತೆಗೆಯುತ್ತದೆ. ಥೇಟರಿನ ಚಿತ್ರಕ್ಕೆ ೨೪. ತೊಂಬತ್ತು ಸೆಕೆಂಡೆಂದರೆ ೨,೭೦೦ ಚಿತ್ರಗಳಾದವು. ಅಷ್ಟಕ್ಕಾಗಿ ಮಕ್ಕಳು ತೆಗೆದದ್ದು ನಾಲ್ವತ್ತು ನಿಮಿಷದಷ್ಟು. ಅದನ್ನೆಲ್ಲ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ತುಂಬಿ ‘ಕೆಡೆನ್‌ಲೈವ್’ ಎಂಬ, ಬೆಲೆ ಕೊಡಬೇಕಾಗಿಲ್ಲದ ತಂತ್ರಾಂಶದಿಂದ ಸಂಕಲನ ಮಾಡಿದರು. ಸಂಕಲನವೆಂದರೆ ಕತ್ತರಿಸಿ ಜೋಡಿಸುವದು; ಹೆಂಗಸರು ರವಿಕೆ ಹೊಲಿಯುವದಕ್ಕೆ ಬಹಳ ಹೋಲುತ್ತದೆ. ಬಟ್ಟೆಯು ಎಷ್ಟು ಚೆಲುವಾದದ್ದಾದರೂ ಅಳತೆಗೆ ಬೇಡವಾದದ್ದನ್ನು ಕತ್ತರಿಸಲೇಬೇಕು. ಘಟೋತ್ಕಚನಾಗಿದ್ದ ಹುಡುಗನು ತನ್ನ ಅಟ್ಟಹಾಸವು ನಾಲ್ಕು ಸೆಕೆಂಡಿಗಿಳಿದದ್ದನ್ನು ಕಂಡು ಅರ್ಧ ದಿನ ಮುನಿಸಿಕೊಂಡಿದ್ದನು. ಎರಡು ಅರ್ಧ ಸೆಕೆಂಡುಗಳಿಗೊಂದು ದೃಶ್ಯವನ್ನು ಬದಲಿಸುವ ಈಗಿನ ಪದ್ಧತಿ ನನಗೆ ಸೇರದು. ಕಣ್ಣಿಗೆ ಧೂಳು ಹೊಡೆದಂತಾಗುತ್ತದೆ. ಮಕ್ಕಳು ಒಂದು ಪ್ರತಿಯನ್ನು ಹಾಗೆಯೂ ಮಾಡಿ, ಇನ್ನೊಂದನ್ನು ನಿಧಾನವಾಗಿಯೂ ಮಾಡಿ, ತಾವೇ ಎರಡನ್ನೂ ನೋಡಿ ನಿಧಾನದ್ದನ್ನು ಉಳಿಸಿಕೊಂಡರು.

ಒಂದು ತೊಂದರೆಯನ್ನು ಕನ್ನಡಿಗರು ತಿಳಿದಿರಬೇಕು. ಶೀರ್ಷಿಕೆಯನ್ನು ಬೇರೊಂದು ತಂತ್ರಾಂಶದಲ್ಲಿ ಬರೆದು ನೋಡಿದಾಗ ಅದು ತೆರೆಯ ಮೇಲೆ ‘ಮಧ್‌ಯಮವ್‌ಯಾಯೋಗ’ ಎಂದು ಮೂಡಿತು. ಒತ್ತಕ್ಷರಗಳೆಲ್ಲ ಕಳಚಿ ಬಿದ್ದಿದ್ದವು! ಯುನಿಕೋಡಿನಲ್ಲಿ ಅಕ್ಷರಗಳೂ ಹಲಂತದ ಚಿಹ್ನೆಯೂ ಬೇರೆಬೇರೆಯಾಗಿಯೇ ಇರುತ್ತವೆ. ಅವನ್ನು ಕೂಡಿಸಿ ಒತ್ತನ್ನಾಗಿ ಬರೆಯುವದು ಫಾಂಟಿನ ಹಾಗೂ ತಂತ್ರಾಂಶದ ಕೆಲಸ. ಇಂಗ್ಲಿಷಿಗಾಗಿಯೇ ಮಾಡಿದ ಕೆಲವು ತಂತ್ರಾಂಶಗಳಿಗೆ ಆ ವಿದ್ಯೆಯೇ ತಿಳಿಯದು. ಶೀರ್ಷಿಕೆಯನ್ನು ‘ಬಲೂ ತಮ್ಮ’ದಂಥ ಉಚಿತವಾದ ಕನ್ನಡ ಫಾಂಟಿನಲ್ಲಿ ಬೇರೆ ಕಡೆ ಬರೆದು, ಅದನ್ನು ಒಂದು ಚಿತ್ರವನ್ನಾಗಿ ಮಾಡಿ ಒಳಗೆ ಸೇರಿಸಿದರೆ ಈ ಪೀಡೆ ತಪ್ಪುವದು. “ಒತ್ತಿದ್ದರೇನು ಬಿಟ್ಟರೇನು, ತಿಳೀತದಲ್ಲರೀ” ಎಂದ ಹುಡುಗನಿಗೆ ಅವನ ಹೆಸರಿನ ಒತ್ತುಗಳನ್ನೇ ತೆಗೆದು ಓದಿ ತೋರಿಸಿದೆನು; ಮರುಮಾತಿಲ್ಲದೆ ಹೋಗಿ ತಿದ್ದಿ ತಂದನು.

ಸಂಗೀತದ ವಿಷಯದಲ್ಲಿ ಕಾಯಿದೆಯ ಪ್ರಶ್ನೆ ಎದ್ದಿತು. ಹುಡುಗರು ಯಾವದೋ ಪ್ರಸಿದ್ಧ ಚಿತ್ರದ ಭೇರಿನಾದವನ್ನು ತಂದು ಕೂಡಿಸಿದ್ದರು. ದೂರದರ್ಶನದ ಧಾರಾವಾಹಿಯೊಂದರ ಕುರುಕ್ಷೇತ್ರದ ಸೇನೆಯನ್ನೂ ಎರಡು ಸೆಕೆಂಡು ಕದ್ದಿದ್ದರು. ೧೯೫೭ರ ಕೃತಿಸ್ವಾಮ್ಯದ ಕಾಯಿದೆಯ ೫೨ನೆಯ ಕಲಮು ಪಾಠದ ನಿಮಿತ್ತವಾಗಿ ಶಿಕ್ಷಕ-ವಿದ್ಯಾರ್ಥಿಗಳು ಕೃತಿಗಳನ್ನು ಬಳಸುವದಕ್ಕೆ ಸ್ವಲ್ಪ ಸಡಿಲುಕೊಟ್ಟಿದೆ. ಶಾಲೆಯವರು, ಮಕ್ಕಳ ತಂದೆತಾಯಿಗಳು ಹಾಗೂ ಶಾಲೆಗೆ ಸಂಬಂಧಪಟ್ಟವರಷ್ಟೇ ಪ್ರೇಕ್ಷಕರಾಗಿರುವ ಪ್ರದರ್ಶನಕ್ಕೂ ಅಡ್ಡಿಯಿಲ್ಲ. ಅದೇ ತುಣುಕನ್ನು ಜಗತ್ತಿಗೆಲ್ಲ ಕಾಣುವಂತೆ ಇಂಟರ್‌ನೆಟ್ಟಿನಲ್ಲಿ ಹಾಕಿದರೆ ಮಾತು ಬೇರೆ. ಭಾಸನ ಹಕ್ಕನ್ನು ಕೇಳುವವರು ಯಾರೂ ಇಲ್ಲ. ಆದರೆ ಅವನನ್ನು ಕನ್ನಡಿಸಿದವರು ತೀರಿಕೊಂಡು ಅರುವತ್ತು ವರುಷವಾಗುವ ತನಕ ಅವರ ಮಾತುಗಳಿಗೆ ಹಕ್ಕುಂಟು. ಈ ಮಕ್ಕಳು ಮೂಲದಿಂದ ತಮ್ಮವೇ ಮಾತುಗಳನ್ನು ಮಾಡಿಕೊಂಡದ್ದರಿಂದ ಆ ಚಿಂತೆ ಇರಲಿಲ್ಲ. ಭೇರಿಯ ಬದಲು ಒಬ್ಬ ಹುಡುಗನು ತನ್ನ ಮನೆಯ ಹಲಗೆಯನ್ನು ತಂದು ಬಾರಿಸಿದನು. ಕಾಡಿಗೆ ಅದೇ ಹೆಚ್ಚು ಒಪ್ಪಿತು.

ಕುರುಕ್ಷೇತ್ರದ ಸೇನೆಯನ್ನು ತೆಗೆಸುವದಕ್ಕೆ ಬೇರೊಂದು ಕಾರಣವೂ ಇತ್ತು: ಆ ನಾಟಕದಲ್ಲಿ ಸೇನೆಯೇ ಇಲ್ಲ. ಇಲ್ಲದ್ದನ್ನು ಇದೆಯೆಂದು ತೋರಿಸುವದು ಪ್ರರೋಚನೆಯೋ ವಂಚನೆಯೋ? ಇದು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಪ್ರಶ್ನೆ. ೨೦೧೬ರಲ್ಲಿ ಬಂದ ‘ಫ್ಯಾನ್’ ಎಂಬ ಹಿಂದಿ ಚಿತ್ರದ ಪ್ರಚಾರದಲ್ಲಿ ಒಂದು ಹಾಡನ್ನು ತೋರಿಸಿದ್ದರು. ಅದನ್ನು ಮೆಚ್ಚಿ ಮಕ್ಕಳೊಡನೆ ಚಿತ್ರಕ್ಕೆ ಹೋದ ಮಹಾರಾಷ್ಟ್ರದ ಒಬ್ಬ ಶಿಕ್ಷಕಿಗೆ ಅಲ್ಲಿ ಆ ಹಾಡೇ ಕಾಣಲಿಲ್ಲ. ಅವರು ಗ್ರಾಹಕರ ನ್ಯಾಯಮಂಡಲಿಗೆ ಹೋದರು. ಜಿಲ್ಲೆಯಲ್ಲಿ ಸೋತರೂ ರಾಜ್ಯದ ಆಯೋಗದಲ್ಲಿ ಅವರಿಗೆ ೧೦,೦೦೦ ರೂಪಾಯಿ ಪರಿಹಾರವೂ ೫,೦೦೦ ಖರ್ಚೂ ದೊರೆಯುವಂತಾಯಿತು. ರಾಷ್ಟ್ರೀಯ ಆಯೋಗವೂ ಅದನ್ನು ಎತ್ತಿಹಿಡಿಯಿತು. ಆದರೆ ೨೦೨೪ರ ಏಪ್ರಿಲ್ ೨೨ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿ, ಪ್ರಚಾರದ ತುಣುಕು ಒಪ್ಪಂದದ ವಚನವಲ್ಲ, ಅದರಲ್ಲಿದ್ದದ್ದೆಲ್ಲ ಚಿತ್ರದ ಒಳಗೂ ಇರಲೇಬೇಕೆಂದಿಲ್ಲ ಎಂದು ತೀರ್ಪುಕೊಟ್ಟಿತು. ತೀರ್ಪು ಶಿರಸಾವಹಿಸತಕ್ಕದ್ದು. ಆದರೂ ಕಾಯಿದೆಯು ದಂಡಿಸದ್ದೆಲ್ಲ ಮಕ್ಕಳಿಗೆ ಕಲಿಸತಕ್ಕದ್ದಾಗುವದಿಲ್ಲ; ನನ್ನ ಮತದಲ್ಲಿ ಆ ಶಿಕ್ಷಕಿಯ ಕಡೆಯೇ ನ್ಯಾಯವಿತ್ತು. ಮಕ್ಕಳು ಈ ಮೊಕದ್ದಮೆಯನ್ನು ಎರಡು ಪಕ್ಷ ಮಾಡಿಕೊಂಡು ವಾದಿಸಿದರು. ಕಂಪನಿಯ ಪಕ್ಷದವರೇ ಗೆದ್ದರು. ಆದರೂ ಸೇನೆಯನ್ನು ತೆಗೆದುಹಾಕಿದರು.

ಎಲ್ಲಕ್ಕಿಂತ ಕಠಿಣವಾದ ಗಂಟು ಮನೆಯಿಂದ ಬಂದಿತು. ಪ್ರಶ್ನೆ ಕೇಳಿದ ಆ ಹುಡುಗಿಯೇ ಬ್ರಾಹ್ಮಣನ ಹೆಂಡತಿಯ ಪಾತ್ರವನ್ನು ವಹಿಸಿದ್ದಳು. ಚಿತ್ರ ತೆಗೆಯುವ ಹಿಂದಿನ ದಿನ ಅವಳ ತಂದೆ ಶಾಲೆಗೆ ಬಂದು, “ನಮ್ಮ ಹುಡುಗಿ ಮಾರಿ ಯಾರ್ಯಾರದೋ ಫೋನ್ಯಾಗ ತಿರಗೂದು ಬ್ಯಾಡ್ರಿ ಸರ” ಎಂದು ಕೈಮುಗಿದರು. ಹಳೆಯ ಕಾಲದ ವಿಚಾರವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ನಾನು ಹಾಗೆನ್ನಲಾರೆ. ಒಂದು ಸಲ ಹೊರಗೆ ಹೋದ ಚಿತ್ರವನ್ನು ಯಾರು ಎಲ್ಲಿಟ್ಟುಕೊಂಡರು, ಅದಕ್ಕೆ ಏನು ಕೂಡಿಸಿದರು ಎಂಬದು ತಿಳಿಯುವ ದಾರಿಯಿಲ್ಲ. ಈಗಂತೂ ಒಬ್ಬರ ಮುಖಕ್ಕೆ ಇನ್ನೊಬ್ಬರ ಮೈಯನ್ನು ಅಂಟಿಸುವ ಯಂತ್ರಗಳು ಬಂದಿವೆ. ೨೦೨೩ರಲ್ಲಿ ಆದ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯಿದೆಯು ೧೮ ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯನ್ನು ಬೇಡುತ್ತದೆ. ಆ ಗೃಹಸ್ಥರು ಕಾಯಿದೆಯನ್ನು ಓದಿದವರಲ್ಲ, ಆದರೆ ಅದರ ಸಾರವನ್ನು ಬಲ್ಲವರಾಗಿದ್ದರು.

ಬೇರೊಬ್ಬಳನ್ನು ಹಾಕಿದರಾಯಿತೆಂದು ಕೆಲವರೆಂದರು. ಆಗ ವರ್ಗದ ಮಕ್ಕಳೇ ಒಪ್ಪಲಿಲ್ಲ. ಬರೆದವಳನ್ನೇ ಹೊರಗಿಟ್ಟರೆ ನಾವೂ ನಡುವಿನವನನ್ನು ಕೊಟ್ಟಂತಾಗುವದಲ್ಲವೆ ಎಂದು ಒಬ್ಬನು ಕೇಳಿದನು. ಕಡೆಗೆ ತಂದೆಯ ಒಪ್ಪಿಗೆಯಿಂದಲೇ ಅವಳ ಮುಖವನ್ನು ತೋರಿಸದೆ, ಕೈಯನ್ನಷ್ಟೇ ಚಿತ್ರಿಸಿದರು. ಕಿರಿಯ ಮಗನ ಅಂಗಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದ ಕೈ. ಬೆರಳಿನ ಗಿಣ್ಣುಗಳು ಬಿಳುಪೇರಿವೆ. ಪಕ್ಕದಲ್ಲಿ ನಡುವಿನವನ ಅಂಗಿಯನ್ನು ಹಿಡಿದವರು ಯಾರೂ ಇಲ್ಲ. ಆರು ಸೆಕೆಂಡು. ಆ ತೊಂಬತ್ತರಲ್ಲಿ ನನಗೆ ಈಗಲೂ ಕಣ್ಣಿಗೆ ಕಟ್ಟಿರುವದು ಅಷ್ಟೇ. ಎಲ್ಲ ಮಕ್ಕಳ ಮನೆಗಳಿಗೂ ಒಪ್ಪಿಗೆಯ ಚೀಟಿ ಹೋಗಬೇಕು, ತುಣುಕನ್ನು ಶಾಲೆಯ ಹೊರಗೆ ಕಳಿಸಕೂಡದು, ಶಿಕ್ಷಕರ ಫೋನಿನಲ್ಲಿದ್ದ ಮೂಲಗಳನ್ನು ಕೆಲಸ ಮುಗಿದೊಡನೆ ಅಳಿಸಬೇಕು ಎಂದು ಮುಖ್ಯಾಧ್ಯಾಪಕರು ಅಂದೇ ಕಟ್ಟಳೆ ಮಾಡಿದರು. ಇದನ್ನು ಮೊದಲ ದಿನವೇ ಮಾಡತಕ್ಕದ್ದು. ಇಂಥ ಕೆಲಸಕ್ಕೆ ಕೈಯಿಡುವ ಶಾಲೆಗಳು ಲಕ್ಷ್ಯದಲ್ಲಿಡಲಿ.

ಪಾಲಕರ ಸಭೆಯ ದಿನ ಶಾಲೆಯ ಗೋಡೆಗೆ ಬಿಳಿಯ ಧೋತರವನ್ನು ಬಿಗಿದು ತುಣುಕನ್ನು ತೋರಿಸಿದರು. ಹಲಗೆ ಬಡಿಯಿತು, ಕೂಗು ಕೇಳಿತು, ಕಾಲು ಹೆಜ್ಜೆಯಿಟ್ಟಿತು, ಕತ್ತಲಾಯಿತು. ಚಪ್ಪಾಳೆಯೂ ಆಯಿತು. ಅಷ್ಟರಲ್ಲಿ ಮುಂದೆ ಕುಳಿತಿದ್ದ ಒಬ್ಬ ಅಜ್ಜಿ, “ಮುಂದ ಏನಾತವಾ? ಆ ಹುಡುಗ ಉಳದನೋ ಇಲ್ಲೋ?” ಎಂದು ಗಟ್ಟಿಯಾಗಿ ಕೇಳಿದರು. ಅದು ಇಷ್ಟೇ, ಮುಂದಿನದು ಇಲ್ಲವೆಂದು ಹೇಳಿದಾಗ ಅವರು ನಂಬಲಿಲ್ಲ. ಟಾಂಗಾ ಬಂದು ಹೋದ ಮೇಲೆ ನಾಟಕ ಇಲ್ಲವೆಂದರೆ ಯಾರು ತಾನೆ ನಂಬುವರು? ಮಕ್ಕಳು ಮುಖ ಮುಖ ನೋಡಿಕೊಂಡರು. ಇಂಥ ಪಾಠಕ್ರಮದಲ್ಲಿ ನನಗಿದ್ದ ಅಸಮಾಧಾನವೂ ಇದೇ: ನಾಟಕವಿಲ್ಲದ ಪ್ರರೋಚನೆ. ಮಕ್ಕಳಿಗೆ ಅದನ್ನು ನಾನು ಹೇಳಿದ್ದರೆ ಉಪದೇಶವಾಗುತ್ತಿತ್ತು. ಅಜ್ಜಿಯ ಬಾಯಿಂದ ಅದು ಸಾಲದ ವಸೂಲಿಯಂತೆ ಬಂದಿತು.

ಆ ಸಾಲವನ್ನು ತೀರಿಸುವ ಏರ್ಪಾಡು ಈಗ ನಡೆದಿದೆ. ಇಡಿಯ ಚಲಚ್ಚಿತ್ರವನ್ನು ಮಾಡುವದು ಮೀರಿದ ಮಾತೆಂದು ನಾಟಕವನ್ನೇ ಆಡುವದೆಂದಾಗಿದೆ. ಒಂದೇ ಅಂಕ, ಮುಕ್ಕಾಲು ಗಂಟೆಯ ಆಟ. ಹುಡುಗಿಯ ತಂದೆಯನ್ನು ಕೇಳಹೋದಾಗ ಅವರು ರಂಗದ ಮೇಲೆ ಅವಳು ಮುಖ ತೋರಿಸುವದಕ್ಕೆ ಅಡ್ಡಿಯಿಲ್ಲವೆಂದರು. “ನಾಟಕ ಆಡಿದ್ದು ಆಡಿದಲ್ಲೇ ಮುಗೀತದರಿ, ನೋಡಿದವರ ಕಣ್ಣಾಗ ಅಷ್ಟ ಇರತದ” ಎಂಬದು ಅವರ ವಿಚಾರ. ನಾಟ್ಯಕ್ಕೂ ಚಲಚ್ಚಿತ್ರಕ್ಕೂ ಇರುವ ಭೇದವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದ ಗ್ರಂಥವನ್ನು ನಾನು ಓದಿಲ್ಲ. ಫೋನುಗಳನ್ನು ಬಾಗಿಲಲ್ಲಿಯೇ ಇಟ್ಟು ಬರಬೇಕೆಂದು ಹಸ್ತಪತ್ರಿಕೆಯಲ್ಲಿ ಅಚ್ಚು ಹಾಕಿಸುವವರಿದ್ದಾರೆ. ಹಿಡಿಂಬೆಯು ಈ ಎಲ್ಲ ಪಾರಣೆಯ ಆಟವನ್ನು ಏಕೆ ಹೂಡಿದ್ದಳೆಂಬದನ್ನು ಇಲ್ಲಿ ನಾನು ಹೇಳಿಲ್ಲವೆಂಬದು ಜಾಣ ವಾಚಕರ ಲಕ್ಷ್ಯಕ್ಕೆ ಬಂದಿರಬಹುದು. ಅದು ನಾಟಕದ ದಿನಕ್ಕೇ ಇರಲಿ. ಶನಿವಾರ ಮಧ್ಯಾಹ್ನ ತಾಲೀಮು ನಡೆಯುತ್ತದೆ. ಮಾತುಗಳು ಬಹುತೇಕ ಬಾಯಿಗೆ ಬಂದಿವೆ. ತೋಪಿನ ಧಣಿಯವರು ಮೊದಲ ಸಾಲಿನಲ್ಲಿ ಕೂಡ್ರುತ್ತೇವೆಂದು ಹೇಳಿಕಳಿಸಿದ್ದಾರೆ. ಘಟೋತ್ಕಚನು ಕೀಳಬೇಕಾದ ಮರವೊಂದನ್ನು ಮಾತ್ರ ಇನ್ನೂ ರಟ್ಟಿನಲ್ಲಿ ಮಾಡಬೇಕಾಗಿದೆ.